ಹತ್ತೊಂಬತ್ತನೇ ನಂಬರಿನ ಅಪ್ಪ

ಹತ್ತೂವರೆಯ ಬಸ್ಸು ಬಂದು ಹೋಯಿತು. ಅಪ್ಪ ಇಳಿಯಲಿಲ್ಲ. ತೇಕ್ ಹೂನನಿಗೆ ಮೊದಲು ಹಗುರವಾಯಿತು, ಹಗುರವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು. ಆ ಸಿಟ್ಟನ್ನು ಬಾಣಲೆಯ ಮೇಲೆ ತೀರಿಸಿಕೊಳ್ಳುತ್ತ ಸಟ್ಟುಗದಿಂದ ಟಣ್ ಟಣ್ ಎಂದು ಬಡಿದ. ಸಾಲಿನಲ್ಲಿ ನಿಂತವರು ಅದನ್ನು ಹಳೇಕಾಲದ ಕೈಚಳಕವೆಂದು ತಿಳಿದು ಫೋನು ಎತ್ತಿ ಹಿಡಿದರು. ಅಪ್ಪನ ಬಸ್ಸು ನಿಲ್ಲುವುದು ಹಗ್ಗದ ಓಣಿಯ ತುದಿಯಲ್ಲಿ; ಒಲೆಯ ಹಿಂದೆ ನಿಂತರೂ ಕತ್ತು ಸ್ವಲ್ಪ ಓರೆ ಮಾಡಿದರೆ ಕಾಣುತ್ತದೆ. ಬೆಳಿಗ್ಗೆಯಿಂದ ಅವನ ಕತ್ತು ಓರೆಯಾಗಿಯೇ ಇತ್ತು. ಬೆಳಕು ಹರಿಯುವ ಹೊತ್ತಿಗೆ ಅವನು ಸಿಗಡಿಯ ಡಬ್ಬ ಹೊತ್ತು ಹೊರಡುವಾಗ, ಒಂಬತ್ತನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ, ತೀರಿಕೊಂಡ ಅಮ್ಮನ ಕಪ್ಪುಬಿಳುಪು ಫೋಟೋದ ಮುಂದೆ ಅಪ್ಪ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. "ಇವತ್ತು ನಾನೂ ಬರ್ತೀನಿ. ನೀನು ಹೋಗಿರು, ನಾನು ಬಸ್ಸಲ್ಲಿ ಬರ್ತೀನಿ," ಎಂದ. "ಯಾಕೆ ಪಾ, ಬಿಸಿಲು," ಎಂದ ಹೂನ್. "ನಿನ್ನೆ ಲಿಫ್ಟಲ್ಲಿ ಒಬ್ಳು ಹೆಂಗಸು ಸಿಕ್ಕಿದ್ಲು. ಹಗ್ಗದ ಓಣೀಲಿ ಸತ್ತುಹೋದನಲ್ಲ ಕ್ವೇ ತಿಯಾವ್ ಹುರಿಯೋನು, ಅವನ ಥರಾನೇ ಇದೀರ ನೀವು ಅಂದ್ಲು." ಅಪ್ಪ ಕೊನೆಯ ಗುಂಡಿ ಹಾಕಿ, ಅಂಗಿಯ ತುದಿ ಎಳೆದು ನೇರ ಮಾಡಿದ. "ಅವನನ್ನ ಒಂದ್ಸಲ ನೋಡ್ಕೊಂಡು ಬರೋಣ ಅಂತ."

ಅಷ್ಟೇ. ಕೂಗಲಿಲ್ಲ, ಏನೂ ಕೇಳಲಿಲ್ಲ. ಮೊದಲಾದರೆ ಹೊಡೆಯುತ್ತಿದ್ದ. ಮೊಳಕೆಕಾಳನ್ನು ಒಂದು ಗಳಿಗೆ ಮುಂಚೆ ಬಾಣಲೆಗೆ ಹಾಕಿದ್ದಕ್ಕೆ ಹನ್ನೊಂದು ವರ್ಷದ ಹೂನನ ಮಣಿಕಟ್ಟಿನ ಮೇಲೆ ಕಾದ ಸಟ್ಟುಗ ಇಟ್ಟವನು. ಆ ಕಲೆ ಈಗಲೂ ಇದೆ; ಪ್ರವಾಸಿಗರು ಅದನ್ನೂ ಕೇಳುತ್ತಾರೆ. ಒಲೆಯ ಗಾಯವಾ, ಎಷ್ಟು ಚೆನ್ನಾಗಿದೆ, ಒಂದು ಫೋಟೋ ತೆಗೀಲಾ?

ಎಲ್ಲ ಶುರುವಾದದ್ದು ಆ ಗೋಡೆಯಿಂದ. ಪೆನಾಂಗಿನ ಜಾರ್ಜ್‌ಟೌನಿನಲ್ಲಿ ಈಗ ಸುಣ್ಣ ಉದುರಿದ ಗೋಡೆಯನ್ನು ಹಾಗೇ ಬಿಡುವವರು ಯಾರೂ ಇಲ್ಲ. ಸೂರು ಸೋರಿದರೆ ಬರುವವರಿಲ್ಲ, ಬಾಡಿಗೆ ಮೂರು ಪಟ್ಟಾಗಿ ದರ್ಜಿಯೂ ಬೆತ್ತದ ಕುರ್ಚಿ ಹೆಣೆಯುವವನೂ ಊರು ಬಿಟ್ಟರೆ ಕೇಳುವವರಿಲ್ಲ, ಆದರೆ ಗೋಡೆ ಖಾಲಿ ಕಂಡಿತೆಂದರೆ ಏಣಿ ಹೊತ್ತು ಬರುತ್ತಾರೆ. ಬೆತ್ತದ ಕುರ್ಚಿಯವನು ಬಿಟ್ಟುಹೋದ ವಾರವೇ ಅವನ ಅಂಗಡಿಯ ಗೋಡೆಗೆ ಬೆತ್ತದ ಕುರ್ಚಿ ಹೆಣೆಯುವವನ ಚಿತ್ರ ಬಂತು. ಇವರ ಗೋಡೆಗೆ ಬಂದವನು ಯುರೋಪಿನ ಯಾವುದೋ ಊರಿನ ಜುಟ್ಟಿನ ಹುಡುಗ. ಒಂಬತ್ತು ದಿನ ಬರೆದ, ಒಂಬತ್ತು ದಿನವೂ ದಿನಕ್ಕೆ ಮೂರು ತಟ್ಟೆಯಂತೆ ಪುಕ್ಕಟೆ ತಿಂದ, ತಿಂದಾಗಲೆಲ್ಲ ಅಪ್ಪನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ "ಎಂಥ ಪ್ರಾಮಾಣಿಕ ಮುಖ" ಎಂದ. ಆಗಷ್ಟೇ ಅಪ್ಪನ ಭುಜ ಕೈಕೊಟ್ಟಿತ್ತು. ಬಾಣಲೆ ಹೂನನ ಕೈಗೆ ಬಂದು ತಿಂಗಳಾಗಿತ್ತು. ಕೆಲಸವಿಲ್ಲದ ಅಪ್ಪ ಸ್ಟೂಲಿನ ಮೇಲೆ ಕದಲದೆ ಕೂತು ಒಂಬತ್ತು ದಿನ ಮುಖ ಕೊಟ್ಟ. ಹತ್ತನೆಯ ದಿನ ಪರದೆ ಬಿಚ್ಚಿದರು. ಎರಡಾಳೆತ್ತರದ ಅಪ್ಪ, ಎದೆಯಿಂದ ಮೇಲೆ, ಎದೆಮಟ್ಟಕ್ಕೆ ಎತ್ತಿದ ಸಟ್ಟುಗ, ನೇರ ನೋಟ, ಮೆಲುನಗೆ. ಪೂರ್ತಿ ಕಪ್ಪುಬಿಳುಪು. ನೆರೆದಿದ್ದ ಓಣಿಯ ಮುದುಕಿಯರು ಚಪ್ಪಾಳೆಗೆ ಎತ್ತಿದ ಕೈ ಕೆಳಗಿಳಿಸಿದರು. ಅಂಥ ಚಿತ್ರವನ್ನು ಯಾರಿಗೆ, ಯಾವಾಗ, ಮನೆಯ ಯಾವ ಜಾಗದಲ್ಲಿ ಹಾಕುತ್ತಾರೆಂದು ಆ ಓಣಿಯ ನಾಯಿಗೂ ಗೊತ್ತು, ಗೊತ್ತಿಲ್ಲದವನು ಬರೆದವನೊಬ್ಬನೇ. "ಬಣ್ಣ ಹಾಕೋದಿಲ್ವಾ?" ಎಂದು ಅಪ್ಪ ಕೇಳಿದ. ಬಣ್ಣ ಬೇಗ ಮಾಸುತ್ತದೆ, ನೆನಪು ಯಾವಾಗಲೂ ಕಪ್ಪುಬಿಳುಪೇ ಎಂದು ಹುಡುಗ ಅಂದದ್ದನ್ನು ಗೋಡೆಗಳಿಗೆ ಚಿತ್ರ ಬರೆಸುವ ಸಮಿತಿಯ ಹೆಂಗಸು ಹೊಕ್ಕಿಯೆನ್ ಭಾಷೆಯಲ್ಲಿ ಅವನಿಗೆ ತಿಳಿಹೇಳಿದಳು. ಅಪ್ಪ ಸಭ್ಯನಾಗಿ ತಲೆಯಾಡಿಸಿದ. ಆಮೇಲೆ ಓಣಿಯ ಕಡೆಗೇ ಬರಲಿಲ್ಲ. ಪ್ರವಾಸಿಗಳ ನಕ್ಷೆಯಲ್ಲಿ ಅವನಿಗೆ ಹತ್ತೊಂಬತ್ತನೇ ನಂಬರು ಕೊಟ್ಟರು. ಹದಿನೆಂಟು ಬೆಕ್ಕು, ಇಪ್ಪತ್ತು ಸೈಕಲ್ಲು, ನಡುವೆ ಅಪ್ಪ.

ಹನ್ನೊಂದರ ಬಸ್ಸು. ಇಳಿದವರು ಇಬ್ಬರು ಶಾಲೆಯ ಹುಡುಗಿಯರು, ಒಬ್ಬ ಪೇಪರಿನವನು. ಹೂನ್ ನಾಲ್ಕು ತಟ್ಟೆ ಕ್ವೇ ತಿಯಾವ್‌ಗಾಗುವಷ್ಟು ಅಗಲ ಅಕ್ಕಿಪಟ್ಟಿಯನ್ನು ಒಟ್ಟಿಗೆ ಬಾಣಲೆಗೆ ಸುರಿದ. ಸಾಲು ಬೆಳೆದ ಮೇಲೆ ಕಲಿತ ವಿದ್ಯೆ ಇದು. ಹಂದಿಕೊಬ್ಬು ಸಿಡಿಯಿತು, ಸಿಗಡಿ ಮುದುಡಿತು, ಹೊಗೆ ಎದ್ದಿತು. ಹೊಗೆ ಚಿತ್ರಕ್ಕೆ ಅಡ್ಡ ಬರುತ್ತಿದೆ, ಸ್ವಲ್ಪ ಹೊತ್ತು ಹುರಿಯೋದು ನಿಲ್ಲಿಸ್ತೀರಾ ಎಂದು ಮೊನ್ನೆ ಒಬ್ಬ ಕೇಳಿದ್ದ, ಹೂನ್ ನಿಲ್ಲಿಸಿಯೂ ಇದ್ದ. ಅವನ ಅಂಗಡಿಗೆ ಬರುವವರು ಅವನಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಅವನದೇ ಸ್ಟೂಲು ಹತ್ತಿ, ಅವನದೇ ತಟ್ಟೆಯಿಂದ ಊಟದ ಕಡ್ಡಿಗಳಲ್ಲಿ ಒಂದು ಸಿಗಡಿ ಎತ್ತಿ, ಗೋಡೆಯ ಅಪ್ಪನ ಬಾಯಿಗೆ ಉಣಿಸುವಂತೆ ಹಿಡಿದು ನಗುತ್ತಾರೆ. ಎಣ್ಣೆ ತಾಗಿ ತಾಗಿ ಅಪ್ಪನ ತುಟಿಯ ಸುಣ್ಣ ಎದ್ದಿದೆ. ಎದುರಿನ ಕಾಫಿ ಮನೆಯಲ್ಲಿ ಹಾಲಿನ ನೊರೆಯ ಮೇಲೆ ಅಪ್ಪನ ಮುಖ ಬಿಡಿಸಿ ಕೊಡುತ್ತಾರೆ. ಜನ ಅದನ್ನು ಹೀರುತ್ತಾರೆ.

ಆದರೆ ಅವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ಅವನು. ಎಂಟು ತಿಂಗಳ ಹಿಂದೆ, ಕ್ವಾಲಾಲಂಪುರದಿಂದ ಬಂದ, ತಿಂದದ್ದನ್ನೆಲ್ಲ ಫೋನಿಗೆ ಹೇಳಿಕೊಳ್ಳುವ ಹುಡುಗಿಯೊಬ್ಬಳು ಒಲೆಯ ಮುಂದೆ ಬಗ್ಗಿ, "ಗೋಡೆ ಮೇಲಿರೋರು ನಿಮ್ಮ ತಂದೆ ಅಲ್ವಾ? ಹೋಗಿ ಎಷ್ಟು ದಿನ ಆಯ್ತು?" ಎಂದಳು. ಕೇಳುವ ಮುಂಚೆಯೇ ಅವಳ ಕಣ್ಣಲ್ಲಿ ನೀರು ತಯಾರಾಗಿತ್ತು. ಅಷ್ಟು ದೂರದಿಂದ ಹೊತ್ತು ತಂದ ದುಃಖವನ್ನು ವಾಪಸು ಕಳಿಸುವುದು ಹೇಗೆ? "ಒಂದು ವರ್ಷ," ಎಂದ ಹೂನ್. ಅವಳಿಗಾಗಿ ಹೇಳಿದೆ ಎಂದು ತನಗೆ ತಾನೇ ಎಷ್ಟೋ ಸಲ ಸಮಜಾಯಿಷಿ ಕೊಟ್ಟುಕೊಂಡಿದ್ದಾನೆ. ನಿಜ ಬೇರೆ ಇತ್ತು. ಆ ಮಾತು ಬಾಯಿಂದ ಬಿದ್ದ ಕ್ಷಣ ಅವನ ಮೈಯೆಲ್ಲ ಸಡಿಲವಾಗಿತ್ತು. ಬದುಕಿರುವ ಅಪ್ಪನ ಬಾಣಲೆ ಹಿಡಿದವನನ್ನು ಎಲ್ಲರೂ ಅಪ್ಪನ ಪಕ್ಕದಲ್ಲಿಟ್ಟು ತೂಗುತ್ತಾರೆ: ಮುದುಕನ ಕೈರುಚಿ ಇಲ್ಲ, ಬೆಂಕಿ ಸಾಲದು, ಉಪ್ಪು ಮುಂದು. ಸತ್ತ ಅಪ್ಪನ ಬಾಣಲೆ ಹಿಡಿದವನು ವಂಶದ ಕುಡಿ. ಅದೇ ಕೈ, ಅದೇ ಉಪ್ಪು. ವಾರದೊಳಗೆ ಸಾಲು ಓಣಿಯ ತಿರುವು ದಾಟಿತು. ಆ ಹೊತ್ತಿಗೆ ಒಂಬತ್ತನೇ ಮಹಡಿಯಲ್ಲಿ ಸತ್ತವನು ಕಾಲುಗುರು ಕತ್ತರಿಸಿಕೊಳ್ಳುತ್ತ, ಸಂಜೆ ಬರುವಾಗ ಬಾಳೆಹಣ್ಣು ತಾ ಎಂದು ಫೋನು ಮಾಡುತ್ತಿದ್ದ.

ಊದುಬತ್ತಿ ಹಚ್ಚಿದ ಮೊದಲಿಗ ಫೆರಿ ಸಾನ್. ಫೆರಿ ದೋಣಿಯಲ್ಲಿ ಮೂವತ್ತು ವರ್ಷ ಹಗ್ಗ ಎಸೆದು ನಿವೃತ್ತನಾದವನು, ಲಾಟರಿಯ ನಾಲ್ಕು ಅಂಕೆಗಾಗಿ ಊರಿನ ಮರ, ಕಲ್ಲು, ಅಪಘಾತವಾದ ಕಾರು ಯಾವುದನ್ನೂ ಬಿಡದವನು. ಗೋಡೆಯಲ್ಲಿ ಅಪ್ಪನ ಕಿವಿಯ ಹತ್ತಿರದ ಬಿರುಕು ಎಂಟರ ಹಾಗೆ ಕಂಡಿತಂತೆ, ಮಿಕ್ಕ ಮೂರು ಅಂಕೆ ಅದೇ ರಾತ್ರಿ ಕನಸಲ್ಲಿ ಬಂದವಂತೆ. ಸಣ್ಣದೊಂದು ಬಹುಮಾನ ಹೊಡೆಯಿತು. ಮಾರನೇ ದಿನ ಬೇಯಿಸಿದ ಇಡೀ ಕೋಳಿ, ಕಿತ್ತಳೆಹಣ್ಣು, ಮರಳು ತುಂಬಿದ ಬಿಸ್ಕತ್ತಿನ ಡಬ್ಬ ತಂದು ಚಿತ್ರದ ಕೆಳಗಿಟ್ಟ. ಅಪ್ಪನ ಹೆಣದ ಮೆರವಣಿಗೆಯಲ್ಲಿ ತಾನು ಮುಂದೆ ನಡೆದಿದ್ದೆ, ಎಂಥ ಮಳೆ ಅವತ್ತು, ಎಂದು ಸಾಲಿನವರಿಗೆ ಹೇಳತೊಡಗಿದ. ಹೂನ್ ತಡೆಯಲಿಲ್ಲ. ತಡೆಯುವುದಿರಲಿ, ವ್ಯಾಪಾರ ಮಂಕಾಗಿದ್ದ ಒಂದು ಸೋಮವಾರ ಓಣಿಯಲ್ಲಿ ಯಾರೂ ಇಲ್ಲದಾಗ ತಾನೇ ಮೂರು ಊದುಬತ್ತಿ ಹಚ್ಚಿ ಆ ಡಬ್ಬದಲ್ಲಿ ನೆಟ್ಟಿದ್ದ. ಭಿಕ್ಷುಕ ತನ್ನ ಬಟ್ಟಲಿಗೆ ತಾನೇ ಮೊದಲ ನಾಣ್ಯ ಹಾಕಿಕೊಳ್ಳುವ ಹಾಗೆ. ಬದುಕಿರುವವನಿಗೆ ಊದುಬತ್ತಿ ಹಚ್ಚಿದರೆ ಅವನ ಆಯುಷ್ಯ ಅಷ್ಟಷ್ಟೇ ಉರಿದುಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆ ಮೂರೂ ಕಡ್ಡಿ ಆರುವ ತನಕ ಅವನು ಆ ಕಡೆ ನೋಡಿರಲಿಲ್ಲ. ಬೂದಿಯನ್ನು ಮಾತ್ರ ಕೈಯಾರೆ ಗುಡಿಸಿ ಚರಂಡಿಗೆ ಹಾಕಿದ್ದ.

"ಲೋ, ಬಂದ ನೋಡು ನಿನ್ನ ಪಿತೃದೇವರು."

ಕಿವಿಯ ಪಕ್ಕದಲ್ಲೇ ಅಂದವಳು ಗೈಕ್ ಸಿಮ್. ಹೂನನ ಒಲೆ ಇರುವ ಅದೇ ಅಂಗಡಿಯ ಒಳಗೆ ಕಾಫಿ, ಕಬ್ಬಿನ ಹಾಲು ಮಾರುವವಳು. ಇಪ್ಪತ್ತೈದು ವರ್ಷದಿಂದ ಅಪ್ಪನನ್ನು ಬಲ್ಲವಳು, ಸುಳ್ಳನ್ನು ಬಲ್ಲ ಒಬ್ಬಳೇ ಒಬ್ಬಳು. ಸಾಲು ಉದ್ದವಾದರೆ ಅವಳ ಕಾಫಿಯೂ ಖರ್ಚಾಗುತ್ತದೆ, ಹಾಗಾಗಿ ಸುಮ್ಮನಿದ್ದವಳು. ಹೂನ್ ಬಸ್ಸು ನಿಲ್ಲುವ ಕಡೆ ನೋಡಿದ.

"ಅಲ್ಲೆಲ್ಲಿ ನೋಡ್ತೀಯ? ಸಾಲಲ್ಲಿ ನೋಡು. ಕಡೇಲಿ."

ಒಂದು ಸ್ಟಾಪು ಮುಂಚೆಯೇ ಇಳಿದು ನಡೆದು ಬಂದನೋ ಏನೋ, ಅಪ್ಪ ಸಾಲಿನಲ್ಲಿ ನಿಂತಿದ್ದ. ನಲವತ್ತು ಜನರ ಹಿಂದೆ, ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಕೊಡೆ. ಗೋಡೆಯ ಮೇಲಿನ ಅಪ್ಪನಿಗೆ ಕೆನ್ನೆ ತುಂಬಿತ್ತು, ಹಲ್ಲಿತ್ತು, ತಲೆ ತುಂಬ ಕೂದಲಿತ್ತು, ಎಲ್ಲ ಜುಟ್ಟಿನ ಹುಡುಗನ ಧಾರಾಳ. ಸಾಲಿನಲ್ಲಿದ್ದ ಅಪ್ಪನನ್ನು ಅದರ ಸವೆದ ಪ್ರತಿ ಎನ್ನಬಹುದಿತ್ತು, ಅದೂ ಯಾರಾದರೂ ನೋಡಿದ್ದರೆ.

"ಹೋಗಿ ಕರ್ಕೊಂಡು ಬಾರೋ. ಮಂಡಿನೋವಿನ ಮನುಷ್ಯ."

"ಈಗ ಹೇಗೆ ಕರೀಲಿ ಸಿಮ್ ಅತ್ತೆ? ಏನಂತ ಕರೀಲಿ?"

"ಅಪ್ಪ ಅಂತ ಕರಿ. ಬೇರೆ ಏನಂತ ಕರೀತಾರೆ ಅಪ್ಪನ್ನ?"

"ಸುಮ್ನಿರು, ನಿನ್ನ ಕಾಲಿಗೆ ಬೀಳ್ತೀನಿ."

"ಮೊದಲು ಅವನ ಕಾಲಿಗೆ ಬೀಳು. ನನ್ನ ಕಾಲು ಎಲ್ಲೂ ಹೋಗಲ್ಲ," ಎಂದು ಅವಳು ಲೋಟಗಳನ್ನು ಎತ್ತಿಕೊಂಡು ಹೋದಳು.

ಹೂನ್ ತಲೆ ತಗ್ಗಿಸಿ ಹುರಿದ. ಈಗ ಹೋಗಿ ಕರೆದರೆ ನಲವತ್ತು ಜನ ತಿರುಗಿ ನೋಡುತ್ತಾರೆ. ಕರೆಯದೆ ಇದ್ದರೆ ಅಪ್ಪ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತಾನೆ. ಈ ನಾಲ್ಕು ತಟ್ಟೆ ಆಗಲಿ, ಆಮೇಲೆ ಕರೆಯುತ್ತೇನೆ ಎಂದುಕೊಂಡ. ನಾಲ್ಕಾದವು, ಎಂಟಾದವು. ಸ್ಟೂಲು ಹತ್ತಿದ್ದ ಹುಡುಗಿಯೊಬ್ಬಳು ಕೈ ಬೀಸಿ, "ತಾತಾ, ಸ್ವಲ್ಪ ಆ ಕಡೆ ಜರುಗ್ತೀರಾ? ಚಿತ್ರದಲ್ಲಿ ಬರ್ತಿದೀರ," ಎಂದಳು. ಅಪ್ಪ ಜರುಗಿದ. "ಇನ್ನೂ ಸ್ವಲ್ಪ." ಇನ್ನೂ ಜರುಗಿ ಚರಂಡಿಯ ಅಂಚಿಗೆ ಬಂದ. ಕೊಡೆ ಬಿಚ್ಚಲಿಲ್ಲ, ಅದೂ ಚಿತ್ರದಲ್ಲಿ ಬಂದೀತೆಂದೋ ಏನೋ. ಅವನ ಮುಂದಿದ್ದವಳು, ಇಪೋ ಪಟ್ಟಣದಿಂದ ಬಂದ ಕೆಂಪು ಟೊಪ್ಪಿಯ ಹೆಂಗಸು, ಮುದುಕನಿಗೆ ಹೊತ್ತು ಹೋಗಲೆಂದು ಗೋಡೆಯವನ ಕಥೆ ಹೇಳುತ್ತಿದ್ದಳು. ಅಪ್ಪ ಕತ್ತು ಬಾಗಿಸಿ ಕೇಳುತ್ತಿದ್ದ. ಬಾಣಲೆ ಹಿಡಿದೇ ಪ್ರಾಣ ಬಿಟ್ಟನಂತೆ, ಕೊನೆಯ ಮಾತು 'ಬೆಂಕಿ ಆರಿಸಬೇಡ' ಅಂತಂತೆ. ಇದನ್ನು ಹೂನ್ ಹೇಳಿರಲಿಲ್ಲ. ಸುಳ್ಳು ತಾನಾಗಿ ಮೈ ತುಂಬಿಕೊಳ್ಳುತ್ತ ಹೋಗಿತ್ತು. ನಾನು ಹೇಳಿದ್ದು ಬರೀ ಒಂದು ವರ್ಷ ಅಂತ, ಅಷ್ಟೇ, ಎಂದು ಅವನು ಯಾವುದೋ ಕೋರ್ಟಿನ ಮುಂದೆ ನಿಂತವನಂತೆ ಮನಸ್ಸಿನೊಳಗೆ ವಾದಿಸಿದ.

ಕೆಂಪು ಟೊಪ್ಪಿಯವಳು ತಟ್ಟೆ ತೆಗೆದುಕೊಂಡು ಪಕ್ಕಕ್ಕೆ ಸರಿದಳು. ಒಲೆಯ ಆಚೆ ಬಿಳಿ ಅಂಗಿಯ ಗುಂಡಿಗಳು ಕಂಡವು. ಹೂನ್ ಅದಕ್ಕಿಂತ ಮೇಲೆ ನೋಡಲಿಲ್ಲ.

"ಎಷ್ಟು?" ಎಂದ.

"ಒಂದು. ಬಾತುಮೊಟ್ಟೆ ಹಾಕು."

ಹೂನ್ ನಾಲ್ಕು ತಟ್ಟೆಯಷ್ಟು ಅಕ್ಕಿಪಟ್ಟಿ ಬಾಚಿದ.

"ಒಂದು ಅಂದೆ."

"ಸಾಲಿದೆ."

"ಸಾಲು ನನಗೂ ಇತ್ತು. ನಾಲ್ಕು ಒಟ್ಟಿಗೆ ಹಾಕಿದ್ರೆ ನೀರು ಬಿಡುತ್ತೆ. ಅದು ಬೇಯಿಸಿದ್ದು ಕಣೋ, ಹುರಿದಿದ್ದಲ್ಲ. ಹಂದಿಗೆ ಹಾಕೋಕೂ ಯೋಚನೆ ಮಾಡಬೇಕು."

ಕೆಂಪು ಟೊಪ್ಪಿಯವಳು ಬಾಯಲ್ಲಿದ್ದದ್ದನ್ನು ನುಂಗಿ ತಿರುಗಿದಳು. "ತಾತಾ, ಹಾಗನ್ಬಾರ್ದು. ಅದು ತೀರಿಕೊಂಡೋರ ಕೈರುಚಿ. ಅವರಪ್ಪ ಹೇಗೆ ಮಾಡ್ತಿದ್ರೋ ಹಾಗೇ ಮಾಡ್ತಾರೆ ಇವರು."

"ಯಾರು ತೀರಿಕೊಂಡಿದ್ದು?"

"ಅವರೇ." ಅವಳು ಕಡ್ಡಿಯಿಂದ ಗೋಡೆ ತೋರಿಸಿದಳು.

ಅಪ್ಪ ಗೋಡೆಯತ್ತ ನೋಡಲಿಲ್ಲ. ಮಗನನ್ನು ನೋಡಿದ. "ಹೂನ್, ಈ ಟೊಪ್ಪಿಯಮ್ಮನಿಗೆ ಗೊತ್ತಿಲ್ಲ. ತೀರಿಕೊಂಡಿದ್ದು ಯಾರು ಅಂತ ಹೇಳು."

ಇದ್ದಲು ಸಿಡಿಯಿತು. ಮೂರು ನಾಲ್ಕು ಫೋನುಗಳು ಗೋಡೆಯಿಂದ ಈ ಕಡೆಗೆ ತಿರುಗಿದವು. ಹೇಳುವುದು ಎಷ್ಟು ಸುಲಭ ಎಂದು ಹೂನನಿಗೆ ಅನ್ನಿಸಿತು. ಇವನು ನನ್ನಪ್ಪ. ಎರಡೇ ಮಾತು. ನಾಲಿಗೆ ಮೇಲಕ್ಕೆ ಎದ್ದಿತು ಕೂಡ. ಅಷ್ಟರಲ್ಲಿ ಕಣ್ಣು ಸಾಲಿನ ಉದ್ದಕ್ಕೂ ಓಡಿತು, ತಿರುವಿನ ತನಕ, ತಿರುವಿನ ಆಚೆಗೂ ಇರಬಹುದಾದಷ್ಟು ದೂರ, ಮತ್ತು ನಾಲಿಗೆ ತಣ್ಣಗೆ ತನ್ನ ಜಾಗಕ್ಕೆ ಹೋಗಿ ಮಲಗಿತು. ಅವನು ಸೋಯಾ ರಸದ ಬಾಟಲಿ ಎತ್ತಿದ, ಇಟ್ಟ, ಮತ್ತೆ ಎತ್ತಿದ.

ಅಪ್ಪ ಕಾದ. ಸಾಲಿನಲ್ಲಿ ಕಾದಷ್ಟೇ ಸಮಾಧಾನದಿಂದ ಕಾದ. ಆಮೇಲೆ ಎದೆ ಉಬ್ಬಿಸಿ, ಓಣಿಯ ತುದಿಯ ರಿಕ್ಷಾದವನಿಗೂ ಕೇಳುವ ದನಿಯಲ್ಲಿ ಕೂಗಿದ: "ನಾನು ಖಾವ್ ಸಿಯು ಲೆಂಗ್! ಇದು ನನ್ನ ಒಲೆ! ಇದು ನನ್ನ ಬಾಣಲೆ!"

ಎಲ್ಲ ಮುಗಿಯಿತು ಎಂದುಕೊಂಡ ಹೂನ್. ಆ ಮುಗಿದದ್ದರಲ್ಲಿ ಒಂದು ತಂಪು ಇತ್ತು, ಜ್ವರ ಬಿಟ್ಟ ಮೇಲಿನ ಬೆವರಿನಂಥದ್ದು. ಆಗ ಚಿತ್ರದ ಬುಡದಲ್ಲಿ ಕೂತಿದ್ದ ಫೆರಿ ಸಾನ್ ಎದ್ದ. ಅವನ ಕಣ್ಣು ಹೊರಗೆ ಬಂದಿತ್ತು.

"ಬಂದ!" ಎಂದು ಕಿರುಚಿದ. "ಮೈಮೇಲೆ ಬಂದ! ಲೆಂಗ್ ಈ ಮುದುಕನ ಮೈಮೇಲೆ ಬಂದ!"

ಮತ್ತು ಮೊಣಕಾಲೂರಿದ. ಕೆಂಪು ಟೊಪ್ಪಿಯವಳು ತಟ್ಟೆ ಕೆಳಗಿಟ್ಟು ಕೈಮುಗಿದಳು. ಯಾರೋ ಊದುಬತ್ತಿಯ ಕಟ್ಟನ್ನೇ ಹೊತ್ತಿಸಿದರು.

"ಥೂ! ಮೈಮೇಲೆ ಯಾರೂ ಬಂದಿಲ್ಲ. ನಾನೇ ನಾನು!" ಎಂದ ಅಪ್ಪ.

"ಕೇಳಿದ್ರಾ? ನಾನೇ ನಾನು ಅಂತಿದಾನೆ!" ಎಂದು ಸಾನ್ ಸಾಲಿನವರಿಗೆ ಒಪ್ಪಿಸಿದ. "ತಂದೇ, ನಾಲ್ಕು ಅಂಕೆ ಕೊಡು, ನಾಲ್ಕೇ ಅಂಕೆ."

"ಲೋ ಸಾನ್, ಫೆರೀಲಿ ಹಗ್ಗ ಎಸೆಯೋದು ಬಿಟ್ಟು ನೀರಿಗೆ ಬಿದ್ದಿದ್ದೋನೆ, ನಿನ್ನ ಎತ್ತಿದ್ದು ಯಾರು ಅಂತ ಮರ್ತೆಯಾ? ಏಳೋ ಮೇಲೆ!"

"ನನ್ನ ಗುರುತೂ ಹಿಡಿದ!" ಸಾನ್ ಹಣೆಯನ್ನು ಸಿಮೆಂಟಿಗೆ ಬಡಿದು ಅತ್ತ. "ಆ ವಿಷಯ ನನಗೆ, ಅವನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಕಣ್ರಪ್ಪಾ!"

ಅಪ್ಪ ಸುತ್ತ ನೋಡಿದ. ಐವತ್ತು ಮುಖಗಳಲ್ಲಿ ಒಂದೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲವೂ ಅವನನ್ನು ತೂರಿ ಗೋಡೆಯವನನ್ನು ನೋಡುತ್ತಿದ್ದವು. ಗೈಕ್ ಸಿಮ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಬಾಯಿ ತೆರೆದಳು. ಸಾಲು ನೋಡಿದಳು. ಒಳಗೆ ಹೋಗಿ ಇನ್ನೊಂದು ಕೆಟಲಿಗೆ ನೀರು ತುಂಬಿದಳು.

ಅಪ್ಪ ಕೊಡೆಯನ್ನು ಗೋಡೆಗೆ ಒರಗಿಸಿ, ಒಲೆಯ ಈಚೆಗೆ ಬಂದು, ಮೊಣಕೈಯಿಂದ ಮಗನನ್ನು ತಳ್ಳಿ, ಎಡಗೈಯಲ್ಲಿ ಸಟ್ಟುಗ ಎತ್ತಿಕೊಂಡ.

"ನೋಡಿ, ಎಡಗೈ!" ಎಂದಳೊಬ್ಬಳು. "ಚಿತ್ರದಲ್ಲಿ ಬಲಗೈ. ಸತ್ತೋರದ್ದು ಎಲ್ಲ ತಿರುಗುಮುರುಗು!"

ಅಪ್ಪ ಹುಟ್ಟಾ ಎಡಚ. ಗೋಡೆಯಲ್ಲಿ ಎಡಗಡೆ ಕಿಟಕಿ ಇದ್ದುದರಿಂದ ಜುಟ್ಟಿನ ಹುಡುಗ ಸಟ್ಟುಗವನ್ನು ಬಲಗೈಗೆ ವರ್ಗಾಯಿಸಿದ್ದ. ಹೂನ್ ಅದನ್ನು ಹೇಳಲಿಲ್ಲ. ಬೀಸಣಿಗೆ ಎತ್ತಿಕೊಂಡು ಒಲೆಯ ಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅಪ್ಪ "ಹೂಂ" ಎಂದ, ಅವನು ಬೀಸಿದ; "ಸಾಕು" ಎಂದ, ನಿಲ್ಲಿಸಿದ. ಒಂದು ತಟ್ಟೆಯಷ್ಟೇ ಪಟ್ಟಿ, ಒಂದು ಮೊಟ್ಟೆ, ಐದು ಸಿಗಡಿ, ಮುಷ್ಟಿ ಮೊಳಕೆ, ಕೊನೆಗೆ ಬೆಂಕಿಗೆ ತೋರಿಸಿ ತೆಗೆದಷ್ಟೇ ಚಿಪ್ಪುಮಾಂಸ. ಬಾಣಲೆಯಿಂದ ಆ ವಾಸನೆ ಎದ್ದಿತು. ಹೂನ್ ಕಣ್ಣು ಮುಚ್ಚಿಕೊಂಡ. ಎಷ್ಟು ಸಲ ಎಷ್ಟು ಥರ ಬೀಸಿದರೂ ತನ್ನ ಕೈಗೆ ಬಾರದಿದ್ದ ವಾಸನೆ. ಮುಂದಿನ ತಟ್ಟೆಯೂ ಒಂದೇ, ಅದರ ಮುಂದಿನದೂ. ಇಷ್ಟು ನಿಧಾನವೇ ಎಂದು ದಿನವೂ ಗೊಣಗುವ ಸಾಲು ಇವತ್ತು ಗುಡಿಯಲ್ಲಿ ನಿಂತ ಹಾಗೆ ನಿಂತಿತ್ತು. ಕೆಂಪು ಟೊಪ್ಪಿಯವಳು ಎರಡನೇ ಸಲ ಸಾಲಿಗೆ ನಿಂತು, ತಿಂದು, ಕಣ್ಣೊರೆಸಿಕೊಂಡು, "ಹಾಗೇ ಇದೆ. ಅವರು ಬದುಕಿದ್ದಾಗ ಹೇಗಿತ್ತೋ ಥೇಟ್ ಹಾಗೇ ಇದೆ," ಎಂದಳು. ಅವಳು ಪೆನಾಂಗಿಗೆ ಜೀವನದಲ್ಲಿ ಮೊದಲ ಸಲ ಬಂದದ್ದು ನಿನ್ನೆ ಸಂಜೆ.

ಅಪ್ಪ ಬೈಯುತ್ತಲೇ ಹುರಿದ. ಬೈದದ್ದೆಲ್ಲ ಆಶೀರ್ವಾದವೆಂದು ಜನ ತಲೆಬಾಗಿ ತೆಗೆದುಕೊಂಡರು. ಹೋಗಹೋಗುತ್ತ ಅವನ ದನಿಯಲ್ಲಿ ಸಿಟ್ಟು ಕಡಿಮೆಯಾಯಿತು. ಭುಜ ನೋಯುತ್ತಿದ್ದುದು ಹೂನನಿಗೆ ಕಂಡರೂ ಮುಖದಲ್ಲಿ ಬೇರೇನೋ ಇತ್ತು. ಸಿಗಡಿಯನ್ನು ಗಾಳಿಗೆ ಹಾರಿಸಿ ಹಿಡಿದ, ಯಾರೋ ಕೂಗಿದರು, ಮತ್ತೊಮ್ಮೆ ಹಾರಿಸಿದ. ಇಷ್ಟು ಖುಷಿಯಾಗಿ ಅಪ್ಪನನ್ನು ಅವನು ಬದುಕಿದ್ದಾಗ ನೋಡಿದ್ದೇ ಇಲ್ಲ ಎಂದುಕೊಂಡ ಹೂನ್, ಅಂದುಕೊಂಡದ್ದು ಏನೆಂದು ತಿಳಿದಾಗ ಬೀಸಣಿಗೆ ಕೈಯಿಂದ ಜಾರಿತು.

ಎರಡು ಗಂಟೆಗೆ ಅಕ್ಕಿಪಟ್ಟಿ ಮುಗಿಯಿತು. ಜನ ಹಿಂದೆ ಹಿಂದಕ್ಕೆ ಹೆಜ್ಜೆಯಿಡುತ್ತ, ಕೈಮುಗಿಯುತ್ತ ಕರಗಿದರು. ಸಾನ್ ಲಾಟರಿ ಅಂಗಡಿಗೆ ಓಡಿದ. ಒಟ್ಟು ಎಷ್ಟು ಬೈಗುಳ ಬಂತೆಂದು ಎಣಿಸಿಟ್ಟುಕೊಂಡಿದ್ದ. ಅಪ್ಪ ಬಿದಿರಿನ ಕುಂಚದಿಂದ ಬಾಣಲೆ ಉಜ್ಜಿ, ಬಟ್ಟೆಯಿಂದ ಒರೆಸಿ, ಬೋರಲು ಹಾಕಿದ. ಹೂನ್ ಎರಡು ಗಂಟೆಯ ಹೊತ್ತು ಒಲೆಯ ಮುಂದೆ ಕೂತು ಒಂದೇ ಮಾತನ್ನು ತಯಾರು ಮಾಡಿಕೊಂಡಿದ್ದ: ತಪ್ಪಾಯ್ತು ಪಾ, ನಾಳೆ ಎಲ್ಲರಿಗೂ ಹೇಳ್ತೀನಿ. ಹತ್ತು ಸಲ, ಇಪ್ಪತ್ತು ಸಲ ಹೇಳಿಕೊಂಡು ಅದನ್ನು ನಯ ಮಾಡಿಟ್ಟಿದ್ದ.

ಅಪ್ಪ ಒದ್ದೆ ಕೈಯನ್ನು ಬಿಳಿ ಅಂಗಿಗೆ ಒರೆಸಿಕೊಂಡು ಅವನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವನು ಯಜಮಾನನನ್ನು ಕೇಳುವ ಹಾಗೆ ಕೇಳಿದ:

"ನಾಳೆ ಎಷ್ಟು ಹೊತ್ತಿಗೆ ಬರಲಿ?"

ಹೂನ್ ಬಾಯಿ ತೆರೆದ.

"ಹನ್ನೊಂದಕ್ಕೆ ಬಾ," ಎಂದ. "ಸೀದಾ ಒಲೆ ಹತ್ರ ಬರಬೇಡ. ಸಾಲಿನ ಕಡೇಲಿ ನಿಂತ್ಕೋ. ಇವತ್ತಿನ ಹಾಗೇ, ಯಾರೋ ಗುರುತಿಲ್ಲದ ಮುದುಕನ ಥರ."